ನೀರುನಾಯಿ ನೋಡಲು ಬಂದವರು

ಆಗ ನನಗೆ ಅರವತ್ತಮೂರು ವರ್ಷ. ಅದಾಗಿ ಏಳು ವರ್ಷವಾಯಿತು. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ. ಪಾಪ, ಆಕೆಗೆ ತಿಳಿಯಲಿಲ್ಲ ಎಂದು ಯಾರೂ ನನ್ನ ಕಡೆಯಿಂದ ಮಾತಾಡುವುದು ಬೇಡ. ತಿಳಿಯುವ ವಯಸ್ಸೇ ಅದು.

ನಾವು ಅಂಬಿಗರು. ಹಾನಗಲ್ಲ ತಾಲೂಕಿನಲ್ಲಿ ವರದಾ ಹೊಳೆಯ ದಂಡೆಗೆ ನಮ್ಮ ಮನೆ. ಬಾಗಿಲಿನಿಂದ ಇಳಿದರೆ ಇಪ್ಪತ್ತು ಹೆಜ್ಜೆಗೆ ನೀರು. ನಾನು ಗಂಡ ಸತ್ತು ತವರಿಗೆ ತಿರುಗಿ ಬಂದಾಗ ನನ್ನ ತಮ್ಮನಿಗೆ ಒಂಬತ್ತು ವರ್ಷ. ಅವ್ವ ಅಷ್ಟರಲ್ಲಿ ಹೋಗಿದ್ದಳು. ಅವನಿಗೆ ಉಣ್ಣಿಸಿದ್ದು, ಹೊಡೆದದ್ದು, ಲಗ್ನ ಮಾಡಿದ್ದು, ಅವನ ಹೆಂಡತಿ ಸತ್ತ ಮೇಲೆ ಅವನ ಮಗಳನ್ನು ಬೆಳೆಸಿ ಹಿರೇಕೆರೂರಿಗೆ ಕೊಟ್ಟದ್ದು, ಎಲ್ಲ ನಾನೇ. ಹಾಗಾಗಿ ಅವನು ನನ್ನ ಮಾತು ಮೀರುತ್ತಿರಲಿಲ್ಲ. ಮೀರಬೇಕಾಗಿತ್ತು.

ಅವನು ಹರಿಗೋಲು ನಡೆಸುತ್ತಿದ್ದ. ಈ ದಂಡೆಯಿಂದ ಆ ದಂಡೆಗೆ ಮಂದಿ, ಆಡು, ಸೈಕಲ್ಲು, ಗೊಬ್ಬರದ ಚೀಲ ದಾಟಿಸುತ್ತಿದ್ದ. ಉಳಿದ ಹೊತ್ತು ಬಲೆ ಬೀಸುತ್ತಿದ್ದ. ಹಿಡಿಯುವುದು ಅವನು, ಮಾರುವುದು ನಾನು. ಹಾನಗಲ್ಲಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಗೋಣಿತಟ್ಟು ಹಾಸಿಕೊಂಡು ನಲವತ್ತು ವರ್ಷ ಕೂತಿದ್ದೇನೆ. ನನ್ನ ಬಾಯಿಗೆ ಅಲ್ಲಿಯ ಪೊಲೀಸರೂ ಹೆದರುತ್ತಿದ್ದರು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಆ ಬಾಯಿ ಬೇಕಾದ ದಿನ ಏನಾಯಿತು ಎಂಬುದನ್ನು ಮುಂದೆ ಬರೆಯುತ್ತೇನೆ.

ನಮ್ಮೂರ ಕೆಳಗೆ ನೀರು ತಡೆಯಲು ಹೊಳೆಗೆ ಅಡ್ಡಲಾಗಿ ಗೇಟಿನ ಬಾಂದಾರ ಕಟ್ಟಿದರು. ಬಾಂದಾರದ ಮೇಲೆಯೇ ರಸ್ತೆ. ಮಂದಿ ಮೋಟರ್ ಸೈಕಲ್ಲಿನ ಮೇಲೆ ಹಾಡು ಹಚ್ಚಿಕೊಂಡು ದಾಟತೊಡಗಿದರು. ಹರಿಗೋಲಿಗೆ ಯಾರು ಬರುತ್ತಾರೆ? ಮಳೆಗಾಲ ಮುಗಿದು ಗೇಟು ಇಳಿಸಿದರೆ ನೀರು ಮೇಲಿನ ತಿರುವಿನವರೆಗೂ ಕೆರೆಯ ಹಾಗೆ ನಿಂತಿರುತ್ತಿತ್ತು. ಹರಿಯುವ ನೀರಿನ ಮೀನು ಕಡಿಮೆಯಾದವು. ಬರೀ ಬಲೆಯಿಂದ ಇಬ್ಬರ ಹೊಟ್ಟೆ ನಡೆಯಲಿಲ್ಲ. ತಮ್ಮ ತನ್ನ ಮಗಳ ಊರಿಗೆ ಹೋಗಿ ಹಿರೇಕೆರೂರಿನ ಪೇಟೆಯಲ್ಲಿ ಗೋವಿನಜೋಳದ ಚೀಲ ಹೊತ್ತ. ಎರಡನೆಯ ಸುಗ್ಗಿಗೆ ಸೊಂಟ ಹಿಡಿಯಿತು. ಐವತ್ತು ದಾಟಿದವನು, ನೀರಿನ ಮೇಲೆ ಕೂತು ಬೆಳೆದ ಮೈ, ಎಷ್ಟು ಹೊರುತ್ತದೆ? ವಾಲಿಕೊಂಡು ಮನೆಗೆ ಬಂದ.

ಉಳಿದದ್ದು ಒಂದೇ ದಾರಿ. ನಮ್ಮ ದೂರದ ಬೀಗರೊಬ್ಬರು ಘಟ್ಟದ ಕೆಳಗೆ ಕಾರವಾರದ ಕಡೆ ಸಮುದ್ರದ ಮೀನಿನ ಬೋಟಿನಲ್ಲಿದ್ದರು. ಬಾ, ಹತ್ತಿಸಿಕೊಳ್ಳುತ್ತೇವೆ ಎಂದು ಎರಡು ಸಲ ಫೋನ್ ಮಾಡಿದ್ದರು. ತಮ್ಮ ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದ. ಬಂದವನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

"ಅದಕ್ಕ ಆಚಿ ದಂಡೀನ ಇಲ್ಲ ಅಕ್ಕಾ" ಎಂದ. "ಯಾವ ಕಡೆ ನೋಡಿದ್ರೂ ನೀರ. ನಾ ಎಲ್ಲಿಗಂತ ಹುಟ್ಟು ಹಾಕಲಿ?"

"ಅಲ್ಲಿ ಯಾರ ಹುಟ್ಟು ಹಾಕ್ತಾರೋ, ಇಂಜಿನ್ ಇರತೈತಿ" ಎಂದೆ. ನಗಲಿ ಎಂದು ಅಂದದ್ದು. ನಗಲಿಲ್ಲ.

ಅಂಥ ಹೊತ್ತಿನಲ್ಲಿ ಶಿಗ್ಗಾಂವದ ಮ್ಯಾನೇಜರ್ ಬಂದ. ಹೈವೇ ಮೇಲಿನ ಒಂದು ಹೋಟೆಲಿನವನು, ಮೂವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಮಾತು ಮೆತ್ತಗೆ. ಅವರ ಮಾಲಕರು ಘಟ್ಟದ ಕೆಳಗಿನಿಂದ ಒಂದು ಬೋಟು ತರಿಸಿದ್ದರಂತೆ. ಮೇಲೆ ನೆರಳಿಗೆ ಮಾಡು, ಎರಡೂ ಕಡೆ ಬೆಂಚು, ಹಿಂದೆ ಇಂಜಿನ್. ರವಿವಾರ ರವಿವಾರ ಪ್ಯಾಟಿಯ ಮಂದಿಯನ್ನು ಕೂರಿಸಿಕೊಂಡು ಬಾಂದಾರದಿಂದ ಮೇಲಿನ ತಿರುವಿನವರೆಗೆ ಹೋಗುವುದು, ಹಕ್ಕಿ ಮೊಸಳೆ ತೋರಿಸುವುದು, ಗಾಳ ಕೊಟ್ಟು ಮೀನು ಹಿಡಿಸುವುದು, ಹಿಡಿದ ಮೀನನ್ನು ಉಸುಕಿನ ಮೇಲೆ ಒಲೆ ಹೂಡಿ ಬೇಯಿಸಿ ಉಣ್ಣಿಸುವುದು, ಸಂಜೆಗೆ ತಿರುಗಿ ತರುವುದು. ಬೋಟು ತಮ್ಮನಿಗೆ, ಅಡಿಗೆ ನನಗೆ. ಹೊಳೆ ತೋರಿಸಿದ್ದಕ್ಕೆ ಪಗಾರ ಕೊಡುತ್ತಾರೆ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ.

"ಕಾಕಾ, ನೀರನಾಯಿ ತೋರಿಸ್ತೀರೇನ್ರಿ?" ಎಂದು ಕೇಳಿದ.

ನೀರುನಾಯಿ ಎಂದರೆ ನಮ್ಮ ಮನೆಯಲ್ಲಿ ಬೈಗುಳ. ಬಲೆ ಹರಿದು ಮೀನು ಒಯ್ಯುವ ಕಳ್ಳ. ನಾನು ಅವುಗಳಿಗೆ ಹಾಕದ ಶಾಪವಿಲ್ಲ. ತಮ್ಮ ಮಾತ್ರ ಬೈಯುತ್ತಿರಲಿಲ್ಲ. ಮೇಲಿನ ತಿರುವಿನಲ್ಲಿ, ಹೊಳೆಗೆ ಬಾಗಿದ ಮರಗಳ ಬೇರಿನ ಸಂದಿಯಲ್ಲಿ ಅವುಗಳ ಬಿಲ ಎಲ್ಲೆಲ್ಲಿವೆ ಎಂದು ಅವನಿಗೆ ಗೊತ್ತಿತ್ತು. ಅವು ಎರಡು ಕೈಯಲ್ಲಿ ಮೀನು ಹಿಡಿದು ತಲೆಯಿಂದ ತಿನ್ನುತ್ತಾ ಬರುವುದನ್ನು ಮನೆಯಲ್ಲಿ ರೊಟ್ಟಿ ಹಿಡಿದು ಮಾಡಿ ತೋರಿಸುತ್ತಿದ್ದ.

"ತೋರಿಸ್ತೇನ್ರಿ" ಎಂದ. "ಎರಡು ಮರಿ ಹಾಕೈತ್ರಿ ಒಂದು. ಮುಂಜಾನಿ ಬಂದ್ರ ಕಂಡ ಕಾಣತಾವ."

"ಹಂಗಾದ್ರ ಕೇಳ್ರಿ. ಮೊದಲನೇ ರವಿವಾರ ನಮ್ಮ ಮಾಲಕರಿಗೆ ಬೇಕಾದವರು ಬರ್ತಾರ. ಅವರು ಖುಷಿ ಆದ್ರ ನಿಮ್ಮನ್ನ ಕಾಯಂ ಮಾಡ್ತಾರ. ಆಗಲಿಲ್ಲಂದ್ರ ಬೋಟು ಬಂದ ಲಾರೀಲೇ ವಾಪಸ್. ಗಾಳಕ್ಕ ಮೀನ ಬೀಳಬೇಕು, ಪ್ರಾಣಿ ಕಾಣಬೇಕು. ಇಷ್ಟ."

ಅದೇ ವಾರ ಬೀಗರ ಫೋನು ಮೂರನೆಯ ಸಲ ಬಂತು. ಸೋಮವಾರ ಶಿರಸಿ ಬಸ್ಸು ಹತ್ತಿ ಬಾ, ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ರವಿವಾರ ಒಂದು, ಮರುದಿನವೇ ಇನ್ನೊಂದು. ರವಿವಾರ ಸರಿಯಾಗಿ ಕಳೆದರೆ ತಮ್ಮ ಹೊಳೆಯ ಮೇಲೆ ಉಳಿಯುತ್ತಿದ್ದ. ಇಲ್ಲದಿದ್ದರೆ ದಂಡೆಯಿಲ್ಲದ ನೀರಿಗೆ.

ಶುಕ್ರವಾರ ಸಂಜೆ ಅವನು ಬೋಟಿನವರು ಕೊಟ್ಟ ಗಾಳದ ಕೋಲುಗಳನ್ನು ಒರೆಸುತ್ತಾ ಕೂತಿದ್ದ. ನಾನು ಶುರು ಮಾಡಿದೆ.

"ಹೊಳೀ ಮೀನ ನಿನ್ನ ಕೋಲಿನ ಬಣ್ಣ ನೋಡಿ ಕಚ್ಚತಾವೇನು? ಆ ಮಂದಿಗೆ ಕುಂತು ಕಾಯಾಕ ಬರಂಗಿಲ್ಲ. ಒಂದು ತಾಸಿನೊಳಗ ಬೇಕು ಅವರಿಗೆ."

"ಬಿದ್ದಷ್ಟು ಬೀಳತಾವ ಬಿಡ ಅಕ್ಕಾ."

"ಬೀಳಲಿಲ್ಲಂದ್ರ?"

ಅವನು ಇನ್ನೊಂದು ಕೋಲು ಎತ್ತಿಕೊಂಡು ಒರೆಸತೊಡಗಿದ.

ಮೀನು ಮಾರುವವರಿಗೆ ಒಂದು ರೂಢಿ ಉಂಟು. ಸಂತೆಯ ಹಿಂದಿನ ದಿನ ಸಿಕ್ಕ ಮೀನನ್ನು ಕೊಲ್ಲುವುದಿಲ್ಲ. ಬುಟ್ಟಿಯಲ್ಲಿ ಹಾಕಿ, ಬಾಯಿಗೆ ಬಲೆ ಕಟ್ಟಿ, ಮನೆಯ ಮುಂದಿನ ನೀರಿನಲ್ಲಿ ಮುಳುಗಿಸಿ ಇಡುತ್ತೇವೆ. ಬೆಳಿಗ್ಗೆ ತೆಗೆದರೆ ಇನ್ನೂ ಬಡಿದಾಡುತ್ತಿರುತ್ತವೆ, ಗಿರಾಕಿ ನಿಲ್ಲುತ್ತಾರೆ. ಹಾಗೆಯೇ ಮೇಲಿನ ತಿರುವಿನಲ್ಲಿ ಮೀನು ಕಟ್ಟಿ ಇಡೋಣ ಎಂದೆ. ನಾಲ್ಕು ಬಿದಿರು ನೆಟ್ಟು, ಸುತ್ತಲೂ ಬಲೆ, ತಳಕ್ಕೂ ಬಲೆ, ಮೇಲೆ ಬಾಯಿ ಹಗ್ಗದಿಂದ ಬಿಗಿ. ಬಿದಿರಿನ ತಲೆ ನೀರಿನಿಂದ ಒಂದು ಗೇಣು ಕೆಳಗೇ ಇರಲಿ, ಯಾರಿಗೂ ಕಾಣುವುದಿಲ್ಲ. ಬೆಳಿಗ್ಗೆ ಬಾಯಿ ಬಿಚ್ಚಿ, ಬೋಟನ್ನು ತಂದು ಅದರ ಪಕ್ಕಕ್ಕೆ ನಿಲ್ಲಿಸಿ ಗಾಳ ಬಿಡಿಸಿದರೆ ಹಸಿದ ಮೀನು ಕಚ್ಚದೆ ಎಲ್ಲಿಗೆ ಹೋದಾವು?

ತಮ್ಮ ಕೋಲು ಕೆಳಗಿಟ್ಟ. "ಬ್ಯಾಡ ಅಕ್ಕಾ. ಅಲ್ಲಿ ನೀರನಾಯಿ ಅದಾವ. ಮೀನ ಕಟ್ಟಿಟ್ರ ಅವನ್ನ ಊಟಕ್ಕ ಕರದಂಗ."

"ಬರಲಿ ಬಿಡ. ನಾಲ್ಕ ತಿಂದು ಅಲ್ಲೇ ಅಡ್ಡಾಡತಾವ. ಬಂದವರಿಗೂ ಕಾಣತಾವ. ನಿಂದು ಎರಡೂ ಕೆಲಸ ಒಂದ ಕಡೆ ಆತು."

"ಬಲಿ ಹರಿತಾವ."

"ಹರೀಲಾರದಂಗ ಎರಡು ಪದರ ಹೊಲಿತೇನಿ."

"ಮೋಸ ಅಲ್ಲೇನು ಅಕ್ಕಾ ಇದು?"

"ಯಾರಿಗೆ ಮೋಸ? ಗಾಳ ಅವರದು, ಕೈ ಅವರದು, ಮೀನ ಹೊಳೀದು. ನಿನಗ ಹೊಳಿ ಗೊತ್ತೈತಿ, ನನಗ ಗಿರಾಕಿ ಗೊತ್ತೈತಿ. ಸುಮ್ನ ಇರು."

ಸುಮ್ಮನಾದ. ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಮನೆಯ ಮುಂದೆ ಇಡೀ ದಿನ ಬಟ್ಟೆ ಒಗೆಯುವ ಸಪ್ಪಳ, ಊರ ನಾಯಿಗಳ ಬೊಗಳಾಟ. ನೀರುನಾಯಿ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅದಕ್ಕೇ ನನ್ನ ಬುಟ್ಟಿಗಳು ನಲವತ್ತು ವರ್ಷ ಉಳಿದವು. ಬುಟ್ಟಿಯ ಜಾಣತನ ಎಂದು ನಾನು ತಿಳಿದಿದ್ದೆ. ನಾಯಿಗಳ ಪುಣ್ಯ ಅದು. ಮೇಲಿನ ತಿರುವಿನಲ್ಲಿ ನಾಯಿಗಳಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಶನಿವಾರ ಮಧ್ಯಾಹ್ನದವರೆಗೆ ಕೂತು ದಪ್ಪ ನೈಲಾನ್ ಬಲೆಯನ್ನು ಎರಡು ಪದರ ಮಾಡಿ ಹೊಲಿದೆ. ಸಂಜೆಯ ಬಿಸಿಲು ಇರುವಾಗಲೇ ಇಬ್ಬರೂ ಹರಿಗೋಲಿನಲ್ಲಿ ಹೋಗಿ ನೆಟ್ಟು, ದಿನವೆಲ್ಲ ಅವನು ಹಿಡಿದಿದ್ದ ಎರಡು ಬುಟ್ಟಿ ಮೀನು ಒಳಗೆ ಬಿಟ್ಟು, ಬಾಯಿ ಬಿಗಿದು ಬಂದೆವು. ಗಂಟನ್ನು ಎಳೆದರೆ ಬಿಚ್ಚುವ ಹಾಗೆ ಹಾಕಿದ್ದು. ಬೆಳಿಗ್ಗೆ ಏಳಕ್ಕೆ ತಮ್ಮ ಹೋಗಿ ಬಿಚ್ಚಿ ಬರುವವನಿದ್ದ. ಬೋಟಿನವರು ಬರುವುದು ಎಂಟಕ್ಕೆ ಎಂದಿತ್ತು.

ಆರೂವರೆಗೆ ಬಂದರು. ಹಕ್ಕಿಗಳು ಮುಂಜಾನೆಯೇ ಚೆನ್ನಾಗಿ ಕಾಣುತ್ತವೆ ಎಂದು ಬಂದವರಲ್ಲಿ ಒಬ್ಬರು ಹಟ ಹಿಡಿದಿದ್ದರಂತೆ. ಲಾರಿಯಿಂದ ಬೋಟು ಇಳಿಸುವುದು, ಇಂಜಿನ್ನಿಗೆ ಎಣ್ಣೆ ಹಾಕುವುದು, ಎಲ್ಲಕ್ಕೂ ಮ್ಯಾನೇಜರ್‌ಗೆ ತಮ್ಮನೇ ಬೇಕು. ಅವನು ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಇರಲಿ ಬಿಡು ಎಂದೆ. ಬೋಟು ಪಕ್ಕಕ್ಕೆ ನಿಲ್ಲಿಸುವಾಗ ಬಾಗಿ ಹಗ್ಗ ಎಳೆದರಾಯಿತು, ಯಾರು ನೋಡುತ್ತಾರೆ ಎಂದುಕೊಂಡೆ.

ಬಂದವರು ನಾಲ್ಕು ಜನ. ಶಿಗ್ಗಾಂವದ ಕಾಲೇಜಿನಲ್ಲಿ ಕಲಿಸುವ ಒಬ್ಬ ಸರ್, ಕೊರಳಲ್ಲಿ ದುರ್ಬೀನು, ಅವರ ಹೆಂಡತಿ. ಸವಣೂರಿನಲ್ಲಿ ಖಾರಾ ತಿಂಡಿ ಮಾಡಿಸುವ ಒಬ್ಬ ವಯಸ್ಸಾದ ಸಾಹೇಬರು, ಅವರ ಮನೆಯವರು. ಸಾಹೇಬರ ಹೆಂಡತಿ ಬೋಟಿಗೆ ಕಾಲಿಡುವಾಗ ಬಿಸ್ಮಿಲ್ಲಾ ಎಂದು ನನ್ನ ರಟ್ಟೆ ಹಿಡಿದವರು, ಮುಂದೆ ಬಿಡಲೇ ಇಲ್ಲ.

"ಅಕ್ಕಾ, ಇದು ಮುಳುಗಂಗಿಲ್ಲಲಾ?"

"ನೀವು ನಡು ಕುಂತ್ರ ಮುಳುಗಂಗಿಲ್ರಿ" ಎಂದೆ. ಮೈ ಭಾರದ ಹೆಂಗಸು.

"ನೋಡ್ರಿ, ಈ ಅಕ್ಕ ನನಗ ದಪ್ಪ ಅನ್ನಾಕತ್ತಾಳ!"

"ಖರೇ ಹೇಳಿದ್ರ ಸಿಟ್ಟ್ಯಾಕ?" ಎಂದರು ಸಾಹೇಬರು. "ನಾ ಹೇಳಾಕ ಹೋಗಿ ಮೂವತ್ತು ವರ್ಷ ಆತು, ಧೈರ್ಯ ಸಾಲವಲ್ದು."

ಎಲ್ಲರೂ ನಕ್ಕರು. ಅವರು ತಂದಿದ್ದ ಖಾರಾ ಪೊಟ್ಟಣ ಬಿಚ್ಚಿ ಎಲ್ಲರ ಕೈಗೂ ಹಾಕಿದರು. ನನಗೂ, ತಮ್ಮನಿಗೂ. ತಮ್ಮ ಒಂದು ಕೈಯಲ್ಲಿ ಬೋಟಿನ ಹಿಡಿಕೆ, ಒಂದು ಕೈಯಲ್ಲಿ ಖಾರಾ ಹಿಡಿದುಕೊಂಡು ನಿಂತಿದ್ದ. ಎರಡು ವರ್ಷದ ಮೇಲೆ ಅವನ ಸೊಂಟ ನೆಟ್ಟಗೆ ನಿಂತದ್ದನ್ನು ಅವತ್ತು ನೋಡಿದೆ. ಅವನು ಬಹಳ ಚೆನ್ನಾಗಿ ತೋರಿಸಿದ. ಅದನ್ನು ಹೇಳಲೇಬೇಕು. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದದ್ದು, ಮಿಂಚುಳ್ಳಿ ಕಲ್ಲಿನ ಹಾಗೆ ನೀರಿಗೆ ಬಿದ್ದು ಮೀನು ಹೊತ್ತು ಎದ್ದದ್ದು, ಉಸುಕಿನ ದಿಬ್ಬದ ಮೇಲೆ ಮೊಸಳೆ ಬಾಯಿ ಕಳೆದು ಮಲಗಿದ್ದು. ಇಂಜಿನ್ ಬಂದ್ ಮಾಡಿ, ಹುಟ್ಟಿನಿಂದ ಸಪ್ಪಳವಿಲ್ಲದೆ ಹತ್ತಿರ ಒಯ್ದ. ಸಾಹೇಬರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸರ್ ದುರ್ಬೀನು ಇಳಿಸಲೇ ಇಲ್ಲ.

"ಇವರು ಬಂಗಾರದಂಥ ಮನಷ್ಯಾರು" ಎಂದು ಸರ್ ಮ್ಯಾನೇಜರ್‌ಗೆ ಹೇಳಿದರು. "ನಮ್ಮ ಹುಡುಗೂರನ್ನೆಲ್ಲ ಕರಕೊಂಡು ಬರಬೇಕು ಇಲ್ಲಿಗೆ. ಆದ್ರ ಕಾಕಾ, ನನಗ ಬೇಕಾಗಿದ್ದು ನೀರನಾಯಿ. ಎರಡು ಹೊಳಿ ಅಡ್ಡಾಡೇನಿ, ಒಮ್ಮೇನೂ ಕಂಡಿಲ್ಲ."

"ಇವತ್ತ ಕಾಣತಾವ್ರಿ ಸರ್" ಎಂದ ತಮ್ಮ.

ಮ್ಯಾನೇಜರ್ ನನ್ನ ಕಡೆ ತಿರುಗಿ ಮೆಲ್ಲಗೆ, "ಆಯೀ, ಅರ್ಧಾ ಕೆಲಸ ಆತು" ಎಂದ. ಉಳಿದ ಅರ್ಧ ನಾನು ಹೊಲಿದು ಇಟ್ಟಿದ್ದೇನೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಮೇಲಿನ ತಿರುವು ಬಂತು. ನೆರಳು, ಹಸಿರು ನೀರು, ಸಪ್ಪಳವಿಲ್ಲ. ಬಿಲಗಳ ಕಡೆ ಅರ್ಧ ತಾಸು ನೋಡಿದರೂ ಏನೂ ಅಲುಗಲಿಲ್ಲ. ತಮ್ಮನ ಮುಖದ ಬಣ್ಣ ಬದಲಾಗುತ್ತಾ ಹೋಯಿತು. ಮರಿ ಇದ್ದ ತಾಯಿ ಆ ಹೊತ್ತಿಗೆ ಹೊರಗೆ ಬರಲೇಬೇಕು ಎಂದು ಅವನಿಗೆ ಗೊತ್ತು. ನಾನು ಅವಸರ ಮಾಡಿದೆ. "ಗಾಳರೆ ಹಾಕಿಸು ತಮ್ಮಾ, ಮಂದಿ ಎಷ್ಟೊತ್ತು ಕುಂದರತಾರ" ಎಂದೆ.

ಬೋಟನ್ನು ಬಲೆಯ ಪಕ್ಕಕ್ಕೆ ತಂದ. ಕೈ ತೊಳೆಯುವ ಹಾಗೆ ನೀರಿನಲ್ಲಿ ಕೈ ಬಿಟ್ಟು ಹಗ್ಗ ಎಳೆದ. ಅವನ ಕೈ ಅಲ್ಲೇ ನಿಂತಿತು. ಆಗಲೇ ತಿಳಿದಿತ್ತು ಅವನಿಗೆ ಎಂದು ನನಗೆ ಈಗಲೂ ಅನಿಸುತ್ತದೆ. ಗಂಟು ಅದಾಗಲೇ ಸಡಿಲಾಗಿತ್ತು.

ಗಾಳ ಬಿಟ್ಟು ಎಲ್ಲರೂ ಕಾದರು. ಒಂದೂ ಕಚ್ಚಲಿಲ್ಲ. ಸಾಹೇಬರು ತಮ್ಮ ಹೆಂಡತಿಗೆ, "ನೀ ಮಾತಾಡೂದ ಬಿಟ್ರ ಮೀನ ಬರತಾವ" ಎಂದರು. ಅವರು, "ನಿಮ್ಮ ಮಾರಿ ನೋಡಿ ಓಡಿ ಹೋಗ್ಯಾವ" ಎಂದರು. ಅಷ್ಟರಲ್ಲಿ ಸಾಹೇಬರ ಕೋಲು ಬಾಗಿತು.

"ಅರೆ! ಅರೆ! ಸಿಕ್ತು! ದೊಡ್ಡದೈತಿ, ಹಿಡಕೋರಿ ನನ್ನ!"

ಮ್ಯಾನೇಜರ್ ಅವರ ಸೊಂಟ ಹಿಡಿದ. ಸರ್ ಅವರ ಹೆಂಡತಿ ಫೋನು ಎತ್ತಿ ಫೋಟೋ ಹಿಡಿಯತೊಡಗಿದರು. "ಬಿಡ್ರಿ ಸಾಹೇಬ್ರ, ದಾರ ಕಡೀರಿ" ಎಂದ ತಮ್ಮ. ಯಾರಿಗೂ ಕೇಳಲಿಲ್ಲ. ಮ್ಯಾನೇಜರ್ ಬಗ್ಗಿ ದಾರ ಹಿಡಿದು ಕೈ ಮೇಲೆ ಕೈ ಹಾಕಿ ಎಳೆದ. ಗಾಳ ಸಿಕ್ಕಿದ್ದು ಬಲೆಗೆ. ಬಲೆಯ ಒಂದು ಮೂಲೆ ಮೇಲೆ ಬಂತು. ಅದರೊಳಗೆ ಮೊದಲು ಒಂದು ಕಾಲು, ಬೆರಳಿನ ನಡುವೆ ತೊಗಲು ಇದ್ದ ಕಾಲು. ಆಮೇಲೆ ದೊಡ್ಡದು ಪೂರ್ತಿ. ಅದರ ಹೊಟ್ಟೆಗೆ ಒತ್ತಿಕೊಂಡು ಎರಡು ಸಣ್ಣವು. ಬಾಯಿಯಲ್ಲಿ ನೈಲಾನ್ ಎಳೆ ಕಚ್ಚಿಕೊಂಡಿದ್ದವು. ಒಂದು ಪದರ ಹರಿದಿದ್ದವು. ಎರಡನೆಯದನ್ನು ಹರಿಯುವಷ್ಟರಲ್ಲಿ ಉಸಿರು ಮುಗಿದಿತ್ತು.

ನೀರುನಾಯಿ ನೀರಿನಲ್ಲೇ ಇರುತ್ತದೆ, ಆದರೆ ಉಸಿರಿಗೆ ಮೇಲೆ ಬರಲೇಬೇಕು. ಮೇಲಿನಿಂದ ತಳ್ಳಿದಾಗ ಬಲೆಯ ಬಾಯಿ ಸಡಿಲಾಗಿ ಅವನ್ನು ಒಳಗೆ ಬಿಟ್ಟಿತ್ತು. ಒಳಗಿನಿಂದ ಹೊರಬರಲು ಆ ಬಾಯಿ ಸಿಕ್ಕಿರಲಿಲ್ಲ. ಮೊದಲು ಮರಿಗಳು ಹೋಗಿರಬೇಕು, ಹಿಂದೆ ತಾಯಿ. ಅಥವಾ ತಾಯಿಯ ಹಿಂದೆ ಮರಿಗಳು. ತಮ್ಮನನ್ನು ನಾನು ಕೇಳಲಿಲ್ಲ.

ಸಾಹೇಬರ ಹೆಂಡತಿ ಯಾ ಅಲ್ಲಾ ಎಂದು ಮುಖ ಆ ಕಡೆ ಮಾಡಿದರು. ಸರ್ ದುರ್ಬೀನು ಕೊರಳಿನಿಂದ ತೆಗೆದು ಬೆಂಚಿನ ಮೇಲಿಟ್ಟರು. ಬಲೆಯನ್ನು ಮುಟ್ಟಿ ನೋಡಿದರು. ಹೊಲಿಗೆ ನೋಡಿದರು. ಬಿದಿರು ನೋಡಿದರು. ಕಲಿತವರು, ತಿಳಿಯಲು ಹೊತ್ತು ಬೇಕಾಗಲಿಲ್ಲ.

"ಇದು ತೇಲಿ ಬಂದ ಬಲಿ ಅಲ್ಲ. ಕಟ್ಟಿದ್ದು" ಎಂದರು. "ಯಾರು ಕಟ್ಟಿದ್ದು ಇದನ್ನ?"

ಮ್ಯಾನೇಜರ್ ತಮ್ಮನ ಮುಖ ನೋಡಿದ.

"ಇವನ್ನ ಕೊಲ್ಲೂದು ಅಪರಾಧ ಐತಿ, ಗೊತ್ತೈತೇನು? ಫಾರೆಸ್ಟಿನವರಿಗೆ ಹೇಳಿದ್ರ ಒಳಗ ಹಾಕ್ತಾರ. ಯಾರು ಕಟ್ಟಿದ್ದು?"

ನನ್ನ ಬಾಯಿಯ ಮಾತು ಮೊದಲೇ ಬರೆದಿದ್ದೇನೆ. ತೂಕದಲ್ಲಿ ತಕರಾರು ಮಾಡಿದವರನ್ನು ಬಸ್ ಸ್ಟ್ಯಾಂಡಿನ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ ಬೈದವಳು ನಾನು. ಅವತ್ತು ನಾಲಿಗೆ ಮೇಲಕ್ಕೆ ಅಂಟಿಕೊಂಡು ಕೂತಿತು. ಒಳಗೆ ಹಾಕುತ್ತಾರೆ ಎಂದದ್ದು ಕೇಳಿ ಹೆದರಿದೆ. ಬೇರೆ ಕಾರಣ ಇಲ್ಲ. ಬೇರೆ ಕಾರಣ ಹುಡುಕಿ ಏಳು ವರ್ಷವಾಯಿತು, ಸಿಕ್ಕಿಲ್ಲ.

ತಮ್ಮ ಹೇಳಿದ. "ನಾನ ಕಟ್ಟೇನ್ರಿ ಸರ್."

"ನೀವ?"

"ಹೌದ್ರಿ. ನಿಮ್ಮ ಗಾಳಕ್ಕ ಮೀನ ಬೀಳಲಿ ಅಂತ ಕಟ್ಟಿದ್ದೆ. ಇವು ಬೀಳತಾವಂತ... ತಪ್ಪಾತ್ರಿ."

ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ನೋಡಲಿಲ್ಲ. ಆ ಹೊತ್ತಿನಲ್ಲಿ ನಾನು ಹೇಳಿದ್ದರೆ ಏನಾಗುತ್ತಿತ್ತು? ಮುದುಕಿ, ಬುದ್ಧಿಯಿಲ್ಲದ್ದು, ಅಡಿಗೆಗೆ ಬೇರೆಯವರನ್ನು ನೋಡೋಣ, ಬೋಟಿಗೆ ಇವರಿರಲಿ ಎನ್ನುತ್ತಿದ್ದರು. ಸರ್‌ಗೆ ಅವನ ಮೇಲೆ ಮನಸ್ಸು ಬಂದಿತ್ತು. ಉಳಿಯುತ್ತಿದ್ದ. ಒಂದೇ ಮಾತು ಸಾಕಿತ್ತು. ನಾನು ಕೈಯಲ್ಲಿದ್ದ ಖಾರಾ ಬೀಳದ ಹಾಗೆ ಮುಷ್ಟಿ ಬಿಗಿಹಿಡಿದು ಕೂತಿದ್ದೆ.

ಸಾಹೇಬರು ಒಬ್ಬರೇ ಅವನ ಪರವಾಗಿ ಮಾತಾಡಿದರು. "ಬಡವ ಹೊಟ್ಟಿಗೆ ಮಾಡ್ಯಾನ ಬಿಡ್ರಿ ಸರ್. ನಮ್ಮನ್ನ ಖುಷಿ ಮಾಡಾಕ ಮಾಡ್ಯಾನ. ಅದರಾಗ ನಮ್ದೂ ಪಾಲೈತಿ."

ಸರ್ ಕೇಳಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಅವರದೂ ತಪ್ಪೆನ್ನಲಾರೆ. ಫೋನು ತೆಗೆದರು. ಮ್ಯಾನೇಜರ್ ಅವರ ಕೈ ಹಿಡಿದುಕೊಂಡು, ಪೇಪರಿನಲ್ಲಿ ಬಂದರೆ ಹೋಟೆಲ್ ಹೆಸರು ಹೋಗುತ್ತದೆ, ಕಾಲು ಹಿಡಿಯುತ್ತೇನೆ ಬೇಡಿ ಎಂದ. ಬಹಳ ಹೊತ್ತು ಬೇಡಿಕೊಂಡ. ಕೊನೆಗೆ, ಬೋಟು ಇನ್ನು ಈ ಹೊಳೆಗೆ ಬರುವುದಿಲ್ಲ ಎಂಬ ಮಾತಿನ ಮೇಲೆ ಸರ್ ಫೋನು ಒಳಗಿಟ್ಟರು.

ಮೂರನ್ನೂ ಉಸುಕಿನ ದಂಡೆಗೆ ಒಯ್ದು ತಮ್ಮನೇ ಕುಣಿ ತೋಡಿದ. ಅಡಿಗೆಗೆ ಎಂದು ತಂದಿದ್ದ ಸಲಿಕೆ ಅದು, ಒಲೆ ಹೂಡಲಿಕ್ಕೆ. ತಾಯಿಯ ಬಾಯಿಯಿಂದ ನೈಲಾನ್ ಎಳೆಯನ್ನು ಬಿಡಿಸಿ ತೆಗೆದು, ಆಮೇಲೆ ಮಣ್ಣು ಎಳೆದ. ಯಾರೂ ಊಟ ಮಾಡಲಿಲ್ಲ. ಬರುವಾಗ ದಾರಿಯಲ್ಲಿ ಅದೇ ಹಕ್ಕಿಗಳು, ಅದೇ ಮೊಸಳೆ. ಯಾರೂ ತಲೆ ಎತ್ತಲಿಲ್ಲ. ಬಾಂದಾರದ ಹತ್ತಿರ ಇಳಿಯುವಾಗ ಮ್ಯಾನೇಜರ್, "ಕಾಕಾ, ನೀವು ಹಿಂಗ ಮಾಡ್ತೀರಂತ ನಾ ಅನಕೊಂಡಿದ್ದಿಲ್ಲ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಮೂರು ಗಂಟೆಯ ಹೊತ್ತಿಗೆ ಬೋಟು ಲಾರಿಯ ಮೇಲೆ ಹೋಯಿತು.

ಸಂಜೆ ರೊಟ್ಟಿ ಬಡಿದೆ. ಅವನು ಬಂದು ಕೂತು ಉಂಡ. ನನಗೆ ತಡೆಯಲಾಗಲಿಲ್ಲ.

"ಯಾಕ ನಾನ ಅಂತ ಹೇಳಿದಿ?"

"ಮತ್ತೇನ ಹೇಳಲಿ? ನಮ್ಮಕ್ಕ ಕಟ್ಟ್ಯಾಳ ಅಂತ ಹೇಳಲೇನು?"

"ಹೊಲದಾಕಿ ನಾನು."

"ನೆಟ್ಟಾಂವ ನಾನು" ಎಂದ. "ನನಗ ಗೊತ್ತಿತ್ತು ಅಕ್ಕಾ. ಬ್ಯಾಡ ಅಂತ ಒಂದ ಸಲ ಹೇಳಿ ಸುಮ್ನಾದೆ. ಇನ್ನೊಂದ ಸಲ ಹೇಳಬೇಕಿತ್ತು."

ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಬಾಯಿಗೆ ಬಂದದ್ದು ಬೈದು ತಾಟು ಎಸೆದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ತಾಟು ತಾನೇ ತೊಳೆದಿಟ್ಟು ಎದ್ದ. ಚೀಲ ಹುಡುಕತೊಡಗಿದ. ನಾಳೆ ಶಿಗ್ಗಾಂವಕ್ಕೆ ಹೋಗಿ ಮ್ಯಾನೇಜರ್ ಮುಂದೆ ಎಲ್ಲ ಹೇಳಿ ಬರುತ್ತೇನೆ ಎಂದು ನನ್ನ ಗಂಟಲಿನವರೆಗೆ ಬಂದಿತ್ತು. ಅದನ್ನೂ ಹೇಳಲಿಲ್ಲ. ಹೋಗಲೂ ಇಲ್ಲ.

ಸಮುದ್ರದ ಮೇಲೆ ಅವನು ಎರಡು ವರ್ಷ ಇದ್ದ. ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಬಲಗೈ ಸಿಕ್ಕು ಮೂರು ಬೆರಳು ಹೋದವು. ಈಗ ಹಿರೇಕೆರೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಒಣಗಲು ಹಾಕಿದ ಗೋವಿನಜೋಳಕ್ಕೆ ಆಡು ಬಾಯಿ ಹಾಕದಂತೆ ಕೋಲು ಹಿಡಿದು ಕೂರುತ್ತಾನೆ. ನಾನು ಹೋದರೆ ಅಕ್ಕಾ ಬಾ ಎನ್ನುತ್ತಾನೆ, ಕುರ್ಚಿ ಬಿಟ್ಟುಕೊಡುತ್ತಾನೆ. ಹೊಳೆಯ ಸುದ್ದಿ ಕೇಳುವುದಿಲ್ಲ. ಊರಿಗೆ ಬಾ ಎಂದರೆ ನಕ್ಕು ಆಡು ಅಟ್ಟಲು ಏಳುತ್ತಾನೆ. ಮೇಲಿನ ತಿರುವಿನಲ್ಲಿ ಅದರ ನಂತರ ನೀರುನಾಯಿ ಕಂಡವರಿಲ್ಲ. ಬಲೆ ಹರಿಯುವ ಕಾಟ ತಪ್ಪಿತು. ನಮ್ಮ ಮನೆಯಲ್ಲಿ ಬಲೆ ಬೀಸುವವರೂ ಇಲ್ಲ. ಎಲ್ಲ ಸರಿಹೋಗುತ್ತದೆ ಎಂದು ಹೇಳುವವರು ನನ್ನ ಬಾಗಿಲಿಗೆ ಬರುತ್ತಾರೆ. ಚಹಾ ಕುಡಿದು ಹೋಗಿ ಎನ್ನುತ್ತೇನೆ. ಏನೂ ಸರಿಹೋಗಿಲ್ಲ. ಹೋಗುವಂಥದ್ದೂ ಅಲ್ಲ.

ಆ ರವಿವಾರದ ಮರುದಿನ, ಸೋಮವಾರ ಬೆಳಿಗ್ಗೆ, ಅವನು ಏಳುವ ಮೊದಲು ನಾನು ಹರಿಗೋಲು ಬಿಚ್ಚಿಕೊಂಡು ಮೇಲಿನ ತಿರುವಿಗೆ ಹೋದೆ. ಬಲೆ ಅಲ್ಲೇ ಜೋತು ಬಿದ್ದಿತ್ತು. ಅದರ ಕೆಳಗಿನ ಮೂಲೆಯಲ್ಲಿ, ಗಾಳಕ್ಕೂ ಬಾರದೆ ಹೆದರಿ ಒತ್ತಿಕೊಂಡಿದ್ದ, ಒಂದು ಬುಟ್ಟಿಗೆ ಸ್ವಲ್ಪ ಕಡಿಮೆ ಮೀನು ಇನ್ನೂ ಜೀವಂತ ಇದ್ದವು. ಅವನ್ನು ಬುಟ್ಟಿಗೆ ಹಾಕಿದೆ. ಬಲೆಯ ನೂಲು ಗಟ್ಟಿಯಿತ್ತು, ಅದನ್ನೂ ಬಿಚ್ಚಿ ಸುತ್ತಿಕೊಂಡು ಬಂದೆ. ಹಾನಗಲ್ಲಿಗೆ ಹೋಗಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಜಾಗದಲ್ಲಿ ಕೂತೆ. ಸೋಮವಾರ ಮೀನು ಕೊಳ್ಳುವವರು ಕಡಿಮೆ. ಆದರೂ ಬಡಿದಾಡುವ ಮೀನು ನೋಡಿ ಒಬ್ಬಿಬ್ಬರು ನಿಂತರು.

ಹತ್ತು ಗಂಟೆಗೆ ಅವನು ಬಂದ. ಹೆಗಲಿಗೆ ಚೀಲ, ಕಂಕುಳಲ್ಲಿ ಸುತ್ತಿದ ಕೌದಿ. ಬುಟ್ಟಿಯೊಳಗೆ ನೋಡಿದ. ಯಾವ ಮೀನು ಎಂದು ಅವನಿಗೆ ಹೇಳಬೇಕಾಗಿರಲಿಲ್ಲ.

"ಅಕ್ಕಾ, ಬಸ್ಸ ಬಂತು. ಬರ್ತೇನಿ."

ನನ್ನ ಎದುರಿಗೆ ಗಿರಾಕಿ ಕೂತಿದ್ದಳು. "ಹೂಂ" ಎಂದೆ. "ಕಿಡಕಿ ಕಡೆ ಕುಂದರು, ಘಟ್ಟದಾಗ ವಾಂತಿ ಆಗತೈತಿ."

ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಗಿರಾಕಿ ತಲೆ ಬೇಡ ಎಂದಳು. ಮೀನಿನ ತಲೆ ಕೊಯ್ದು ಪಕ್ಕಕ್ಕಿಟ್ಟು, ಉಳಿದದ್ದನ್ನು ತೂಗಿ ಕೊಟ್ಟೆ.